ಮಗು ಯಾವಾಗ, ಅಲ್ಲೀತನಕ ಏನು?

ಪ್ರಿಯ ಗೆಳೆಯ,

ಇನ್ನೆರಡು ವರ್ಷ ಮಗು ಬೇಡ, ಮಾತ್ರೆ ಒಳ್ಳೇದಾ ಕಾಂಡೋಮ್ ಒಳ್ಳೇದಾ ಅಂತ ಕೇಳಿದ್ದೀಯ. ಅದಕ್ಕೂ ಮೊದಲು ಇನ್ನೊಂದನ್ನ ಇತ್ಯರ್ಥ ಮಾಡ್ಕೊಳ್ಳಿ: ಮುಂದಿನ ತಿಂಗಳೇ ಮುಟ್ಟು ನಿಂತರೆ ಏನು ಮಾಡ್ತೀರಿ? ಇಬ್ಬರೂ ಬೇರೆಬೇರೆ ಚೀಟಿಯಲ್ಲಿ ಬರೆದು ಆಮೇಲೆ ಅದಲುಬದಲು ಮಾಡ್ಕೊಳ್ಳಿ. ಬರೀ ಮಾತಲ್ಲೇ ಮುಗಿಸಿದರೆ ದನಿ ಜೋರಿರೋರ ಇಷ್ಟವೇ ಇಬ್ಬರ ತೀರ್ಮಾನ ಆಗಿಬಿಡುತ್ತೆ. ಒಬ್ಬರು ‘ಆದರೆ ಆಗಲಿ’ ಅಂದು, ಇನ್ನೊಬ್ಬರು ‘ಈಗ ಆಗಲೇಬಾರದು’ ಅಂದಿದ್ದರೆ, ಎರಡನೇ ಉತ್ತರಕ್ಕೆ ಒಗ್ಗುವ ವಿಧಾನ ಹುಡುಕಿ.

100 ಜೋಡಿಗಳು ಒಂದು ವರ್ಷ ಬರೀ ಕಾಂಡೋಮ್ ನಂಬಿದರೆ ಸುಮಾರು 13 ಜೋಡಿಗೆ ಗರ್ಭ ನಿಲ್ಲುತ್ತೆ. ಪ್ರತಿ ಸಲವೂ ತಪ್ಪಿಲ್ಲದೆ ಬಳಸಿದರೆ 2. ನಡುವಿನ 11 ಬಹುಪಾಲು ಬಳಸೋರ ಕೈತಪ್ಪು: ಅರ್ಧ ದಾರಿಯಲ್ಲಿ ಹಾಕೋದು, ತುದಿಯ ಗಾಳಿ ಹಿಂಡದೇ ಇರೋದು, ಎಣ್ಣೆಯನ್ನೋ ವ್ಯಾಸಲೀನನ್ನೋ ಸವರೋದು (ಲೇಟೆಕ್ಸ್ ಅದರಿಂದ ಬೇಗ ಹರಿಯುತ್ತೆ), ಮುಗಿದ ಮೇಲೆ ಬುಡ ಹಿಡಿದು ತಕ್ಷಣ ಹೊರಗೆ ತೆಗೆಯದೇ ಇರೋದು. ‘ಇವತ್ತೊಂದು ದಿನ ಪರವಾಗಿಲ್ಲ’ ಅನ್ನೋದೂ ಈ ಲೆಕ್ಕದಲ್ಲೇ ಸೇರುತ್ತೆ.

ಮಾತ್ರೆಯಲ್ಲಿ ಈ ಸಂಖ್ಯೆ ಸುಮಾರು 7. ಒಂದೂ ತಪ್ಪಿಸದೆ ನುಂಗಿದರೆ 1ಕ್ಕಿಂತ ಕಡಿಮೆ. 21 ದಿನ ನುಂಗಿ 7 ದಿನ ಬಿಡುವ ಮಾತ್ರೆ ಪಟ್ಟಿಯಲ್ಲಿ (ಸ್ಟ್ರಿಪ್) ಎಲ್ಲಕ್ಕಿಂತ ಅಪಾಯದ ಮರೆವು ನಡುವಿನದ್ದಲ್ಲ, ಹೊಸ ಪಟ್ಟಿಯ ಮೊದಲ ಮಾತ್ರೆಯದ್ದು. ಆ 7 ದಿನದ ಬಿಡುವಿನಲ್ಲಿ ಅಂಡಾಶಯ ಆಗಲೇ ಎಚ್ಚರಗೊಳ್ತಾ ಇರುತ್ತೆ. ಬಿಡುವು 9, 10 ದಿನಕ್ಕೆ ಎಳೆದರೆ ಅಂಡ ಹೊರಬೀಳಬಹುದು. ಒಂದು ಮಾತ್ರೆ ಮರೆತರೆ ನೆನಪಾದ ತಕ್ಷಣ ನುಂಗಬೇಕು, ಅವತ್ತು ಎರಡಾದರೂ ಸರಿ. ಎರಡೋ ಹೆಚ್ಚೋ ತಪ್ಪಿದರೆ ಒಂದನ್ನು ನುಂಗಿ ಪಟ್ಟಿ ಮುಂದುವರಿಸಿ, 7 ದಿನ ಕಾಂಡೋಮೂ ಇರಲಿ. ತಪ್ಪಿದ್ದು ಕೊನೆಯ ವಾರದಲ್ಲಾದರೆ ಬಿಡುವೇ ಕೊಡದೆ ಹೊಸ ಪಟ್ಟಿ ಶುರುಮಾಡಬೇಕು. ನುಂಗಿದ 3 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅನ್ನೋ ಔಷಧ ಈ ಗರ್ಭನಿರೋಧಕ ಮಾತ್ರೆಯ ಬಲವನ್ನೇ ಕುಂದಿಸುತ್ತೆ. ಬಿಪಿ ನೋಡಿಸದೆ ಶುರುಮಾಡಬೇಡಿ. ಬಿಪಿ ಹೆಚ್ಚಿದ್ದರೆ, ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಕಣ್ಣೆದುರು ಮಿಂಚು ಕುಣಿದು ಬರುವ ಮೈಗ್ರೇನ್ ಇದ್ದರೆ, 35 ದಾಟಿ ಸಿಗರೇಟು ಸೇದುತ್ತಿದ್ದರೆ ಈ ಮಾತ್ರೆ ಸಲ್ಲದು.

ನಿಮ್ಮದು ‘ಆಗಲೇಬಾರದು’ ಆದರೆ ನನ್ನ ಮತ ಕಾಪರ್-ಟಿಗೆ (ಗರ್ಭಕೋಶದೊಳಗೆ ಕೂರಿಸುವ ತಾಮ್ರದ ಪುಟ್ಟ ಸಾಧನ). ದಿನಾ ನೆನಪಿಡುವ ಗೋಜಿಲ್ಲ, ವರ್ಷಕ್ಕೆ 100ರಲ್ಲಿ 1ಕ್ಕಿಂತ ಕಡಿಮೆ, ತೆಗೆಸಿದ ತಿಂಗಳಿಂದಲೇ ಗರ್ಭ ನಿಲ್ಲಬಹುದು. ಮೊದಲ 3ರಿಂದ 6 ತಿಂಗಳು ಮುಟ್ಟು ಜಾಸ್ತಿ ಹೋಗುತ್ತೆ, ಕಿಬ್ಬೊಟ್ಟೆ ಹಿಂಡುತ್ತೆ. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ತೆಗೆಸಿಬಿಡ್ತಾರೆ. ರಕ್ತಹೀನತೆ ಇರೋರಿಗೆ ತಾಮ್ರದ ಬದಲು ಹಾರ್ಮೋನು ಇರುವ ಸಾಧನವೇ ವಾಸಿ, ಅದರಲ್ಲಿ ಸ್ರಾವ ಕಡಿಮೆಯಾಗುತ್ತೆ. 3 ತಿಂಗಳಿಗೊಮ್ಮೆಯ ಇಂಜೆಕ್ಷನ್ ಮಾತ್ರ ನಿಮ್ಮ ಲೆಕ್ಕಕ್ಕೆ ಹೊಂದಲ್ಲ: ನಿಲ್ಲಿಸಿದ ಮೇಲೂ ಗರ್ಭ ನಿಲ್ಲೋಕೆ ಕೆಲವು ತಿಂಗಳು, ಒಮ್ಮೊಮ್ಮೆ ವರ್ಷವೇ ಹಿಡಿಯುತ್ತೆ.

ಕಾಂಡೋಮ್ ಹರಿದರೆ ಲೆವೊನಾರ್ಜೆಸ್ಟ್ರೆಲ್ ಅನ್ನೋ ತುರ್ತು ಮಾತ್ರೆ 1.5 ಮಿಲಿಗ್ರಾಂ, 72 ಗಂಟೆಯೊಳಗೆ, ಎಷ್ಟು ಬೇಗವಾದರೆ ಅಷ್ಟು ಒಳ್ಳೇದು. ಅಂಡ ಹೊರಬೀಳೋದನ್ನ ಮುಂದೂಡೋದೇ ಅದರ ಕೆಲಸ, ಬಿದ್ದಾಗಿದ್ದರೆ ಉಪಯೋಗ ಅಷ್ಟಕ್ಕಷ್ಟೇ. 5 ದಿನದೊಳಗೆ ಹಾಕಿಸಿದ ಕಾಪರ್-ಟಿ ಅದಕ್ಕಿಂತ ಗಟ್ಟಿ. ಮುಟ್ಟು ಒಂದು ವಾರ ತಡವಾದರೆ ಪರೀಕ್ಷೆ ಮಾಡ್ಕೊಳ್ಳಿ.

ಮಗು ಬೇಕು ಅನ್ನಿಸಿದಾಗ, ವಿಧಾನ ನಿಲ್ಲಿಸುವ ಒಂದು ತಿಂಗಳ ಮೊದಲೇ ಅವಳು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರುಮಾಡಲಿ. ಮಗುವಿನ ಬೆನ್ನುಹುರಿ ರೂಪುಗೊಳ್ಳೋದು ಎಷ್ಟೋ ಜನಕ್ಕೆ ಗರ್ಭ ನಿಂತಿದೆ ಅಂತ ಗೊತ್ತಾಗುವ ಹೊತ್ತಿಗೇ. ವರ್ಷ ಪ್ರಯತ್ನಿಸಿದರೂ ಆಗದಿದ್ದರೆ, ಅವಳಿಗೆ 35 ದಾಟಿದ್ದರೆ 6 ತಿಂಗಳಿಗೇ, ಡಾಕ್ಟರ ಹತ್ತಿರ ಇಬ್ಬರೂ ಹೋಗಿ. ಅವಳೊಬ್ಬಳನ್ನೇ ಸ್ಕ್ಯಾನಿಂಗಿಗೆ ಅಲೆಸಬೇಡ. ನಿನ್ನ ವೀರ್ಯ ಪರೀಕ್ಷೆ ಮೊದಲು ಆಗಲಿ, ಎಲ್ಲಕ್ಕಿಂತ ಸುಲಭದ ಪರೀಕ್ಷೆ ಅದೇ. ಅದಕ್ಕೆ ಹೋಗುವ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು, ಅಷ್ಟೇ.

ಇಂತಿ,
ನಿನ್ನ ಗೆಳೆಯ