ಗಿದ್ಯೋನನ ಭಯ ಹಾಗೇ ಇರಲಿ

ಪ್ರೀತಿಯ ತಮ್ಮನಿಗೆ,

ನಿನ್ನ ಕಥೆ ತಲುಪಿತು. ಒಂದೇ ಪಟ್ಟಿಗೆ ಓದಿ ಮುಗಿಸಿದೆ. ಭಾಷೆ ಚೆನ್ನಾಗಿ ಪಳಗಿದೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಗಳವಿರುವುದು ನೀನು ಬೈಬಲಿನಿಂದ ತೆಗೆದುಕೊಂಡ ಗಿದ್ಯೋನನ ವಿಷಯಕ್ಕೆ.

ನಿನ್ನ ಕಥೆ ಶುರುವಾದಾಗ ಅವನು ಒಕ್ಕಣೆಯ ಕಣದಲ್ಲಿ ಎದೆಯುಬ್ಬಿಸಿ ನಿಂತಿದ್ದಾನೆ. ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 6ನೇ ಅಧ್ಯಾಯ ಇನ್ನೊಮ್ಮೆ ತೆಗೆದು ನೋಡು. ಅಲ್ಲಿ ಅವನು ಒಫ್ರ ಊರಿನಲ್ಲಿ, ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಅಡಗಿಕೊಂಡು ಗೋದಿ ಬಡಿಯುತ್ತಿದ್ದಾನೆ. 7 ವರ್ಷದಿಂದ ಶತ್ರುಗಳಾದ ಮಿದ್ಯಾನ್ಯರು ಒಂಟೆಗಳ ಜೊತೆ ಬಂದು ಇಸ್ರಾಯೇಲ್ಯರ, ಅಂದರೆ ಗಿದ್ಯೋನನ ಜನರ, ಬೆಳೆಯನ್ನೆಲ್ಲ ಹಾಳುಮಾಡುತ್ತಿದ್ದಾರೆ. ಕಣಕ್ಕೆ ಬಯಲು ಬೇಕು, ಗಾಳಿ ಬೇಕು. ತೂರಿದರೆ ಹೊಟ್ಟು ಹಾರುವುದು ದೂರದವರಿಗೂ ಕಾಣುತ್ತದೆ. ತೊಟ್ಟಿಯಲ್ಲಿ ಗಾಳಿಯೆಲ್ಲಿ? ಎತ್ತು ತುಳಿಸೋಕೆ ಜಾಗವೆಲ್ಲಿ? ಬಗ್ಗಿ ಬಡಿಯಬೇಕು, ಹೊಟ್ಟೆಲ್ಲ ಬೆವರಿದ ಮೈಗೇ ಅಂಟುತ್ತದೆ. ಅಂಥವನ ಎದುರು ದೇವದೂತ ಬಂದು ‘ಪರಾಕ್ರಮಶಾಲಿಯೇ’ ಅಂತ ಕರೆಯುತ್ತಾನೆ! ನನಗಂತೂ ಪ್ರತಿ ಸಲ ನಗು ಬರುತ್ತದೆ. ನಿನ್ನ ಕಥೆಯಲ್ಲಿ ಆ ನಗು ಬರಲಿಲ್ಲ.

ಕಣ ಆ ಅಧ್ಯಾಯದಲ್ಲೂ ಬರುತ್ತದೆ, ಆಮೇಲೆ. ರಾತ್ರಿ ಕಣದಲ್ಲಿ ಕುರಿಯ ತುಪ್ಪಟ ಹಾಸಿ ದೇವರನ್ನೇ ಪರೀಕ್ಷೆ ಮಾಡುತ್ತಾನೆ. ಬೆಳಗ್ಗೆ ಹಿಂಡಿದರೆ ಬಟ್ಟಲು ತುಂಬ ನೀರು, ಸುತ್ತ ನೆಲ ಒಣ. ಅಷ್ಟಕ್ಕೂ ಸಮಾಧಾನವಿಲ್ಲ. ಸಿಟ್ಟಾಗಬೇಡ, ಇನ್ನೊಂದೇ ಸಲ ಅಂತ ಉಲ್ಟಾ ಕೇಳುತ್ತಾನೆ. ನೀನು ಆ ಎರಡನೇ ಸಲದ್ದನ್ನು ಬಿಟ್ಟಿದ್ದೀಯ. ಪುಕ್ಕಲನ ಹಾಗೆ ಕಾಣುತ್ತಾನೆ ಅಂತ ಇರಬೇಕು. ಕಾಣಲಿ ಬಿಡು.

ಮಿದ್ಯಾನ್ಯರ ಮೇಲೆ ಯುದ್ಧಕ್ಕೆ ಅಂತ ಹರೋದ್ ಬುಗ್ಗೆಯ ಹತ್ತಿರ ಸೇರಿದವರು 32,000. ಹೆದರಿದವರು ಮನೆಗೆ ಹೋಗಬಹುದು ಅಂದಿದ್ದೇ ತಡ, 22,000 ಜನ ಹೊರಟರು. ಉಳಿದವರಲ್ಲಿ ಕೈಯಲ್ಲಿ ನೀರೆತ್ತಿ ನೆಕ್ಕಿದ 300 ಜನರಷ್ಟೇ ಆಯ್ಕೆಯಾದರು. ‘ಇವರು ಸದಾ ಎಚ್ಚರವಿದ್ದ ವೀರರು’ ಅಂತ ನೀನು ಎರಡು ಪುಟ ಬರೆದಿದ್ದೀಯ. ಅದು ಚರ್ಚಿನ ಪ್ರಸಂಗದಲ್ಲಿ ಕೇಳಿಸಿಕೊಂಡ ಮಾತು, ಮೂಲದಲ್ಲಿಲ್ಲ. ಜನ ಜಾಸ್ತಿಯಿದ್ದರೆ ನಮ್ಮ ಕೈಯೇ ನಮ್ಮನ್ನು ಉಳಿಸಿತು ಅಂತ ಇಸ್ರಾಯೇಲ್ಯರು ಜಂಭಪಟ್ಟಾರು, ಅದಕ್ಕೇ ದೇವರು ಕಡಿಮೆ ಮಾಡಿದ್ದು. 300 ಜನರೂ ವೀರರಾಗಿಬಿಟ್ಟರೆ ಕಥೆಯೇ ಕೆಟ್ಟಿತು, ಅಲ್ವಾ?

ಇನ್ನೊಂದು ತಮಾಷೆ ಇದೆ. ಹೆದರಿದವರೆಲ್ಲ ಮನೆಗೆ ಹೋದರು, ಹೆದರಿದ ನಾಯಕ ಮಾತ್ರ ಉಳಿದ. ಅದೇ ರಾತ್ರಿ ದೇವರು ‘ಭಯವಿದ್ದರೆ ಆಳನ್ನು ಕರೆದುಕೊಂಡು ಶತ್ರುಗಳ ಪಾಳೆಯಕ್ಕೆ ಇಳಿ’ ಅನ್ನುತ್ತಾನೆ. ಇವನು ಭಯವಿಲ್ಲ ಅನ್ನುವುದಿಲ್ಲ, ಸುಮ್ನೆ ಇಳಿಯುತ್ತಾನೆ. ಅಲ್ಲೊಬ್ಬ ತನ್ನ ಕನಸು ಹೇಳುತ್ತಿದ್ದಾನೆ. ಜವೆಗೋದಿ ರೊಟ್ಟಿಯೊಂದು ಉರುಳಿಬಂದು ಡೇರೆಗೆ ಬಡಿದು ಅದನ್ನು ಕೆಡವಿತಂತೆ. ಬಡವರ ರೊಟ್ಟಿ! ಅದು ಗಿದ್ಯೋನನ ಖಡ್ಗವೇ ಅಂತ ಅವನ ಜೊತೆಗಾರ ಅರ್ಥ ಹೇಳುತ್ತಾನೆ. ಗಿದ್ಯೋನನ ನಂಬಿಕೆ ಗಟ್ಟಿಯಾಗಿದ್ದು ಶತ್ರುವಿನ ಬಾಯಿಂದ ಇದನ್ನು ಕೇಳಿದ ಮೇಲೆ.

ಯುದ್ಧದ ಭಾಗದಲ್ಲಿ ಕೈಗಳನ್ನು ನೋಡು. ನಡುಜಾವದ ಕಾವಲು ಆಗತಾನೇ ಬದಲಾಗಿದೆ. ಗಿದ್ಯೋನನ ಜನ ಪಂಜು ಮರೆಸಿಟ್ಟಿದ್ದ ಗಡಿಗೆ ಒಡೆದರು. ಎಡಗೈಯಲ್ಲಿ ಪಂಜು, ಬಲಗೈಯಲ್ಲಿ ಕೊಂಬು. ‘ಯೆಹೋವನ ಖಡ್ಗ, ಗಿದ್ಯೋನನ ಖಡ್ಗ’ ಅಂತ ಕೂಗುತ್ತಾರೆ, ಖಡ್ಗ ಹಿಡಿಯೋಕೆ ಒಂದು ಕೈಯೂ ಖಾಲಿಯಿಲ್ಲ. ಅವರು ನಿಂತಲ್ಲೇ ನಿಂತರು. ಪಾಳೆಯದೊಳಗೆ ಮಿದ್ಯಾನ್ಯರು ಒಬ್ಬರನ್ನೊಬ್ಬರು ಕಡಿದುಕೊಂಡರು. ನಿನ್ನ 300 ಜನ ಮಾತ್ರ ಒಳಗೆ ನುಗ್ಗಿ ಕಡಿಯುತ್ತಿದ್ದಾರೆ. ಆ ಪುಟ ಹರಿದುಹಾಕು, ಬೇಜಾರಾಗಬೇಡ.

ಗೆಲುವಿಗೇ ಕಥೆ ನಿಲ್ಲಿಸಿದ್ದೀಯ. 8ನೇ ಅಧ್ಯಾಯ ಓದಿದರೆ ಹಾಗೆ ನಿಲ್ಲಿಸೋಕೆ ಮನಸ್ಸಾಗಲ್ಲ. ದಣಿದ ತನ್ನ ಜನರಿಗೆ ರೊಟ್ಟಿ ಕೊಡದ ಸುಕ್ಕೋತ್ ಊರಿನ ಹಿರಿಯರನ್ನು ಇದೇ ಗಿದ್ಯೋನ ಮುಳ್ಳಿನಿಂದ ಶಿಕ್ಷಿಸುತ್ತಾನೆ. ಅರಸನಾಗಲ್ಲ ಅನ್ನುತ್ತಾನೆ, ಕೊಳ್ಳೆಯ 1,700 ಶೆಕೆಲ್ ತೂಕದ ಬಂಗಾರದ ಮುರುಗಳನ್ನು (ಕಿವಿಯ ಒಡವೆ) ಮಾತ್ರ ಕೇಳಿ ತೆಗೆದುಕೊಂಡು ಏಫೋದು, ಅಂದರೆ ಯಾಜಕರು ತೊಡುವಂಥ ಪೂಜೆಯ ಉಡುಪು, ಮಾಡಿಸುತ್ತಾನೆ. ಇಸ್ರಾಯೇಲ್ಯರೆಲ್ಲ ಅದನ್ನೇ ಪೂಜಿಸತೊಡಗುತ್ತಾರೆ.

ನಡುವೆ ಒಂದು ಸಣ್ಣ ಘಟನೆ. ಸೆರೆಸಿಕ್ಕ ಇಬ್ಬರು ಮಿದ್ಯಾನ್ ಅರಸರನ್ನು ಕೊಲ್ಲು ಅಂತ ಹಿರಿಮಗ ಯೆತೆರನಿಗೆ ಹೇಳುತ್ತಾನೆ. ಹುಡುಗ ಇನ್ನೂ ಚಿಕ್ಕವನು, ಹೆದರಿ ಕತ್ತಿ ಹಿರಿಯುವುದೇ ಇಲ್ಲ. ಆಗ ಅಪ್ಪನಿಗೆ ಆ ದ್ರಾಕ್ಷಿ ತೊಟ್ಟಿ ನೆನಪಾಯಿತೋ ಇಲ್ಲವೋ, ಪುಸ್ತಕ ಹೇಳುವುದಿಲ್ಲ. ಅಲ್ಲಿಂದ ಶುರುಮಾಡಿ ಇನ್ನೊಂದು ಸಲ ಬರೆದು ಕಳಿಸು.

ನಿನ್ನ ಅಣ್ಣ