ತಲೆನೋವು ಅನ್ನುವ ಮಗುವಿನ ಕಣ್ಣೊಳಗೂ ನೋಡಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ವಾರಗಟ್ಟಲೆ ತಲೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಬರುವ ಮಕ್ಕಳ ಕಣ್ಣಿನ ಹಿಂಭಾಗ ಪರೀಕ್ಷಿಸಲೇಬೇಕು ಎಂದು ಒಂದು ಆದೇಶ ಹೊರಡಿಸಿ. ಮುಖ್ಯವಾಗಿ ನಾನು ಕೇಳುತ್ತಿರುವುದು ಇಷ್ಟೇ.

ಕೆಲವು ಮಕ್ಕಳಿಗೆ ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ. ಗಡ್ಡೆ ಇರಲ್ಲ, ಸೋಂಕೂ ಇರಲ್ಲ, ಕಾರಣವೇ ಗೊತ್ತಾಗಲ್ಲ. ಇದನ್ನು ವೈದ್ಯರು ಐಐಎಚ್ (ಇಡಿಯೋಪತಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್) ಅನ್ನುತ್ತಾರೆ. ಇದು ದಪ್ಪಗಿರುವ ಹೆಂಗಸರ ಕಾಯಿಲೆ ಅಂತಲೇ ಹೆಸರಾಗಿದೆ. ಆದರೆ ಮೈನೆರೆಯುವ ಮುಂಚೆ ಹುಡುಗ, ಹುಡುಗಿ, ದಪ್ಪ, ಸಣ್ಣ ಅನ್ನುವ ಲೆಕ್ಕ ಅಷ್ಟಾಗಿ ನಡೆಯೋದಿಲ್ಲ. ನನ್ನ ಮಗಳು ಕಡ್ಡಿಯಂತಿದ್ದಳು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಗ್ಯಾಸ್ ಅಂದರು, ಕನ್ನಡಕ ಬರೆದರು, ಓದೋಕೆ ಕಳ್ಳಾಟ ಅಂತಲೂ ಅಂದರು. ಶೂ ಲೇಸ್ ಕಟ್ಟೋಕೆ ಬಗ್ಗಿದರೆ ಎರಡು ಕ್ಷಣ ಎಲ್ಲ ಮಬ್ಬಾಗುತ್ತೆ ಅಂತ ಅವಳು ಹೇಳುತ್ತಲೇ ಇದ್ದಳು. ಕೊನೆಗೆ ಕಣ್ಣಿನ ವೈದ್ಯೆಯೊಬ್ಬರು ಹನಿ ಹಾಕಿ, ಬೆಳಕು ಬಿಟ್ಟು ನೋಡಿದರು. ತಲೆಯೊಳಗಿನ ಒತ್ತಡಕ್ಕೆ ದೃಷ್ಟಿನರದ ತುದಿ ಬಾತಿತ್ತು. ಆ ಬಾವು ಹಾಗೇ ಉಳಿದರೆ ನರ ಒಣಗುತ್ತದೆ. ಹಾಗೆ ಹೋದ ದೃಷ್ಟಿ ವಾಪಸ್ ಬರೋದಿಲ್ಲ.

ಆಮೇಲೆ ಎಂಆರ್‌ಐ, ಮೆದುಳಿನ ರಕ್ತನಾಳಗಳ ಸ್ಕ್ಯಾನ್, ಬೆನ್ನಿನಿಂದ ನೀರು ತೆಗೆದು ಒತ್ತಡದ ಅಳತೆ. ಆ ಒತ್ತಡವನ್ನು ನೀರಿನ ಕಂಬದ ಎತ್ತರದಲ್ಲಿ ಅಳೆಯುತ್ತಾರೆ; ಮಕ್ಕಳಲ್ಲಿ ಅದು ಸಾಮಾನ್ಯವಾಗಿ 28 ಸೆಂ.ಮೀ. ದಾಟಿದರೆ ಜಾಸ್ತಿ ಅಂತ ಲೆಕ್ಕ. ಇದೆಲ್ಲ ದೊಡ್ಡ ಆಸ್ಪತ್ರೆಯ ಕೆಲಸ, ಒಪ್ಪುತ್ತೇನೆ. ಕಣ್ಣೊಳಗೆ ನೋಡೋಕೆ ಮಾತ್ರ ಬೆಂಗಳೂರಿನವರೆಗೆ ಬರಬೇಕಾ?

ಔಷಧಿಯ ಮಾತೂ ಇದೆ. ಮೊದಲು ಕೊಡೋದು ಅಸೆಟಜೋಲಮೈಡ್, ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಗೆ ಬಳಸುವ ಹಳೇ ಮಾತ್ರೆ. ನಮ್ಮೂರಲ್ಲಿ ಸಿಕ್ಕಿದ್ದು 250 ಮಿ.ಗ್ರಾಂ. ಮಾತ್ರೆ ಮಾತ್ರ. ಮಗುವಿನ ತೂಕಕ್ಕೆ ಹೊಂದಿಸೋಕೆ ಅಡುಗೆಮನೆ ಚಾಕುವಿನಲ್ಲಿ ಕತ್ತರಿಸಿ, ಪುಡಿ ಮಾಡಿ, ಜೇನಿನಲ್ಲಿ ಕಲಸಿ ಕೊಟ್ಟೆವು. ಬೆರಳು ಜುಮ್ ಅನ್ನುತ್ತೆ ಅಂತ ಮಗಳು ಅತ್ತಾಗ ಗಾಬರಿಯಾಯಿತು. ಅದು ಈ ಮಾತ್ರೆಯ ಮಾಮೂಲಿ ಗುಣ ಅಂತ ಮುಂಚೆಯೇ ಒಂದು ಮಾತು ಹೇಳಬಹುದಿತ್ತು, ಅಲ್ವಾ? ಮಾತ್ರೆಯಿಂದ ಹೆಚ್ಚಿನ ಮಕ್ಕಳಿಗೆ ಒತ್ತಡ ಇಳಿಯುತ್ತದೆ. ಇಳಿಯದೆ ದೃಷ್ಟಿ ಕುಗ್ಗುತ್ತಿದ್ದರೆ ಆಪರೇಷನ್ ಬೇಕಾಗುತ್ತದೆ.

ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ನಡೆಸುತ್ತಿರುವ ಬ್ರೇನ್ ಹೆಲ್ತ್ ಇನಿಷಿಯೇಟಿವ್‌ನಲ್ಲಿ ತಲೆನೋವೂ ಸೇರಿದೆ. ಅಲ್ಲಿ ತರಬೇತಿ ಪಡೆಯುವ ವೈದ್ಯರಿಗೆ ಕಣ್ಣೊಳಗೆ ನೋಡುವ ಉಪಕರಣವಾದ ಆಫ್ತಾಲ್ಮೋಸ್ಕೋಪ್ ಹಿಡಿಯುವ ಅಭ್ಯಾಸವನ್ನೂ ಮಾಡಿಸಿ. ಮಗು ಮೊಡವೆಗೆ ಡಾಕ್ಸಿಸೈಕ್ಲಿನ್ ಅಥವಾ ಜಾಸ್ತಿ ವಿಟಮಿನ್ ಎ ತಗೊಳ್ತಿದೆಯಾ ಅಂತ ಕೇಳುವುದನ್ನೂ ಕಲಿಸಿ. ಅವುಗಳಿಂದಲೂ ಒತ್ತಡ ಏರಬಹುದು. ಜಿಲ್ಲಾ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಮಕ್ಕಳ ಡೋಸ್‌ಗೆ ತಕ್ಕಂತೆ ಪೊಟ್ಟಣ ಕಟ್ಟಿಕೊಡುವ ವ್ಯವಸ್ಥೆ ಆದರೆ ಇನ್ನೂ ಒಳ್ಳೆಯದು.

ಇಂತಿ,
ಒಬ್ಬ ತಾಯಿ