ಹಾಡು ಕೊಟ್ಟವರಿಗೆ, ಹಾಡು ಕೇಳಿದವರಿಗೆ

ಕಳೆದ ಭಾನುವಾರ ಸಂಜೆ ಜೆ.ಸಿ. ರಸ್ತೆಯ ನಯನ ಸಭಾಂಗಣಕ್ಕೆ ಬಂದಿದ್ದ ಎಲ್ಲರಿಗೂ ನಮಸ್ಕಾರ. ನಮ್ಮ ಸ್ವಂತ ಹಾಡುಗಳ ಮೊದಲ ಕಾರ್ಯಕ್ರಮ ಅದು. ಸಿನಿಮಾ ಹಾಡು ಒಂದೂ ಇರೋದಿಲ್ಲ ಅಂತ ಪೋಸ್ಟರ್‌ನಲ್ಲೇ ಹಾಕಿದ್ದೆವು. ಆದರೂ ಬಂದಿರಿ, ಕೊನೆತನಕ ಕೂತಿರಿ. ವೇದಿಕೆ ಮೇಲೆ ಸರಿಯಾಗಿ ಥ್ಯಾಂಕ್ಸ್ ಹೇಳೋಣ ಅಂದರೆ ಹಾಲ್ ಬಿಟ್ಟುಕೊಡುವ ಹೊತ್ತಾಗಿತ್ತು. ಗಡಿಬಿಡಿಯಲ್ಲಿ ನಾಲ್ಕು ಹೆಸರು ಓದಿ ಮೈಕ್ ಇಟ್ಟುಬಿಟ್ಟೆ.

ಹೊರಗೆ ಸಿಕ್ಕವರಲ್ಲಿ ಬಹಳ ಜನ ಕೇಳಿದ್ದು ಒಂದೇ ಮಾತು. "ಈ ಹಾಡುಗಳೆಲ್ಲ ಎಲ್ಲಿಂದ ಬರ್ತವೆ ಸರ್?" ನಿಂತ ನಿಲುವಿನಲ್ಲೇ ಹೇಳುವಂಥ ಉತ್ತರ ಅಲ್ಲ ಅದು. ಬೇರೆಯವರ ಬಾಯಿಂದ ಬರ್ತವೆ ಅಂದರೆ ತಮಾಷೆ ಮಾಡ್ತಿದ್ದಾನೆ ಅಂದುಕೊಳ್ಳುತ್ತಿದ್ದಿರಿ. ಆದರೆ ನಿಜ ಅದೇ. ಯಾರ್ಯಾರ ಬಾಯಿಂದ ಬಂದವು ಅಂತ ಇಲ್ಲಿ ಬರೆಯುತ್ತೇನೆ. ನಾನು ಥ್ಯಾಂಕ್ಸ್ ಹೇಳಬೇಕಾಗಿರೋದೂ ಅವರಿಗೇ.

ನನ್ನನ್ನು ಹೊಸದಾಗಿ ನೋಡಿದವರಿಗೆ ಒಂದು ಮಾತು. ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು. ಗಣೇಶನ ಹಬ್ಬಕ್ಕೆ ನಮ್ಮ ಸೀಸನ್ ಶುರು. ನವೆಂಬರ್ ಪೂರ್ತಿ ರಾಜ್ಯೋತ್ಸವ. ಆಮೇಲೆ ಅಣ್ಣಮ್ಮನ ಉತ್ಸವ, ಊರಹಬ್ಬ, ಮಧ್ಯೆ ಮಧ್ಯೆ ಮದುವೆ ಆರತಕ್ಷತೆ. ಬೆಂಗಳೂರಿನಲ್ಲಿ ನಾವು ಸ್ಟೇಜ್ ಹಾಕದ ಸರ್ಕಲ್ ಕಡಿಮೆ. ರಾತ್ರಿ ಹತ್ತಕ್ಕೆ ಮೈಕ್ ಬಂದ್ ಆಗಬೇಕು, ಅದು ಕಾನೂನು. ಅಷ್ಟರೊಳಗೆ ಈ ಹಾಡು ಬೇಕು, ಆ ಹಾಡು ಬೇಕು ಅಂತ ಜನ ಕಳಿಸಿದ ಚೀಟಿಗಳನ್ನೆಲ್ಲ ಮುಗಿಸಬೇಕು. ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್, ಹಂಸಲೇಖ, ಇವರೆಲ್ಲ ನನ್ನ ಬೆರಳಿನಲ್ಲೇ ಕೂತಿದ್ದಾರೆ. ನಿದ್ದೆಗಣ್ಣಲ್ಲಿ ಎಬ್ಬಿಸಿ ಹಾಡಿನ ಹೆಸರು ಹೇಳಿದರೂ ಅದರ ಬಿಜಿಎಂ ನುಡಿಸಬಲ್ಲೆ. ಗಾಯಕರ ಶ್ರುತಿ ಬೇರೆಯಾದರೆ ಟ್ರಾನ್ಸ್‌ಪೋಸ್ ಬಟನ್ ಇದ್ದೇ ಇದೆ.

ತೊಂದರೆ ಇದ್ದದ್ದೂ ಅಲ್ಲೇ. ಸ್ವಂತ ಹಾಡು ಮಾಡೋಣ ಅಂತ ಕೀಬೋರ್ಡ್ ಮುಂದೆ ಕೂತರೆ ಬೆರಳು ತನಗೆ ಗೊತ್ತಿರುವ ದಾರಿಯಲ್ಲೇ ಹೋಗುತ್ತಿತ್ತು. ಏನೋ ಹೊಸ ಟ್ಯೂನ್ ಬಂತು ಅಂತ ಖುಷಿಯಾಗಿ ನುಡಿಸುತ್ತಿದ್ದೆ. ಒಳಗಿನಿಂದ ನನ್ನಾಕೆಯ ಧ್ವನಿ ಬರುತ್ತಿತ್ತು. "ಇದು ಯಾವ ಪಿಕ್ಚರ್‌ದು ರೀ?" ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಮಿಷನ್ ಪಕ್ಕದಲ್ಲಿ ಇಡೀ ದಿನ ವಿವಿಧ ಭಾರತಿ. ಅವಳ ಕಿವಿ ತಪ್ಪಿಸಿ ಯಾವ ಟ್ಯೂನೂ ದಾಟುವ ಹಾಗಿಲ್ಲ. ಎರಡು ಸಾಲು ಕೇಳಿದರೆ ಸಾಕು, ಪಲ್ಲವಿ ಒಂದು ಹಾಡಿನದು, ಚರಣ ಇನ್ನೊಂದರದು ಅಂತ ಹೇಳಿಬಿಡುತ್ತಾಳೆ. ಭಾನುವಾರ ನೀವು ಕೇಳಿದ ಹಾಡುಗಳಿಗಿಂತ ಅವಳು ತಡೆದ ಹಾಡುಗಳೇ ಜಾಸ್ತಿ. ಮೊದಲ ಥ್ಯಾಂಕ್ಸ್ ಅವಳಿಗೆ. ಇದನ್ನು ಓದಿ "ಸಾಕು ಬಿಡಿ" ಅಂತಾಳೆ, ಗೊತ್ತು.

2020ರ ಮಾರ್ಚ್ 25, ಯುಗಾದಿ ಹಬ್ಬ. ಅವತ್ತೇ ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾಯಿತು. ರಾಮನವಮಿಗೆ ಒಪ್ಪಿಕೊಂಡಿದ್ದ ಕಾರ್ಯಕ್ರಮಗಳು ಹೋದವು. ಆಮೇಲೆ ಗಣೇಶನ ಹಬ್ಬವೂ ಹೋಯಿತು, ನವೆಂಬರೂ ಹೋಯಿತು. ಆ ಕಾಲದ ಕತೆ ಎಲ್ಲರ ಮನೆಯದೂ ಒಂದೇ, ಉದ್ದ ಮಾಡಲ್ಲ. ಬಾಡಿಗೆ ಕಟ್ಟಲು ಕೀಬೋರ್ಡ್ ಮಾರಿದೆ. ಪರಿಚಯದವರೊಬ್ಬರು ಯಶವಂತಪುರ ಎಪಿಎಂಸಿ ಯಾರ್ಡ್‌ನ ಒಂದು ಈರುಳ್ಳಿ ಮಂಡಿಯಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಸೇರಿಸಿದರು. ಆ ಮಂಡಿಯ ಸಾಹುಕಾರರಿಗೆ ಕೈ ಮುಗಿಯುತ್ತೇನೆ. ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾನು ಗೀಚುತ್ತಿದ್ದದ್ದನ್ನು ಅವರು ಎಷ್ಟೋ ಸಲ ನೋಡಿದ್ದರು, ಒಂದು ಸಲವೂ ಕೇಳಲಿಲ್ಲ. ಭಾನುವಾರ ಮುಂದಿನ ಸಾಲಿನಲ್ಲಿ ಬಿಳಿ ಪಂಚೆ ಉಟ್ಟು ಕೂತಿದ್ದವರು ಅವರೇ.

ಯಾರ್ಡ್ ಅಂದರೆ ಬರೀ ಈರುಳ್ಳಿ ಅಲ್ಲ. ರಾತ್ರಿಯೆಲ್ಲ ಲಾರಿ ಬರುತ್ತವೆ. ಚಿತ್ರದುರ್ಗದ ಕಡೆಯಿಂದ, ಹುಬ್ಬಳ್ಳಿ ಕಡೆಯಿಂದ, ವಿಜಯಪುರದಿಂದ, ಮಹಾರಾಷ್ಟ್ರದಿಂದ. ಆಲೂಗಡ್ಡೆ ಹಾಸನದಿಂದ. ಒಂದೊಂದು ಲಾರಿಯಿಂದ ಒಂದೊಂದು ಕನ್ನಡ ಇಳಿಯುತ್ತದೆ. ನಮ್ಮ ಈರುಳ್ಳಿ ಉತ್ತರದ ಕಡೆಯವರಿಗೆ ಉಳ್ಳಾಗಡ್ಡಿ. ಹುಬ್ಬಳ್ಳಿಯವರು "ಯಾಕ್ರೀ" ಅಂದರೆ ಆ "ರೀ" ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಹಾಸನದವರು "ಯಾಕ್ಲಾ" ಅಂದರೆ ದನಿ ದಡಕ್ಕನೆ ಕೆಳಗೆ ಬೀಳುತ್ತದೆ. ಕೈಯಲ್ಲಿ ಕೀಬೋರ್ಡ್ ಇರಲಿಲ್ಲ. ಇದ್ದದ್ದು ಕಿವಿ, ಮತ್ತೆ ಫೋನಿನ ರೆಕಾರ್ಡರ್. ಮೂಟೆ ಲೆಕ್ಕ ಹಾಕುತ್ತಾ ಜನ ಮಾತಾಡುವ ಏರಿಳಿತವನ್ನೇ ಗುನುಗಿ ರೆಕಾರ್ಡ್ ಮಾಡಿಕೊಳ್ಳತೊಡಗಿದೆ. ಬೆರಳಿಗೆ ಗೊತ್ತಿಲ್ಲದ ಟ್ಯೂನ್‌ಗಳು ಬರಲು ಶುರುವಾಗಿದ್ದು ಆಗ.

ಒಂದು ಹಾಡಿನ ಕತೆ ಪೂರ್ತಿ ಹೇಳುತ್ತೇನೆ. ಚಳ್ಳಕೆರೆ ಕಡೆಯ ಒಬ್ಬ ಲಾರಿ ಡ್ರೈವರ್ ಟೈರ್ ಪಕ್ಕ ಕೂತು ಮನೆಗೆ ಫೋನ್ ಮಾಡುತ್ತಿದ್ದರು. ಸ್ಪೀಕರ್ ಆನ್ ಇತ್ತು. ಆ ಕಡೆಯಿಂದ ಒಂದು ಮಗು ಕೇಳಿತು. "ಅಪ್ಪಾ, ಇನ್ನೂ ಎಷ್ಟ್ ದೂರಾ?" "ಎಷ್ಟ್" ಅನ್ನುವಾಗ ಮೇಲಕ್ಕೆ ಹಾರಿ, "ದೂರಾ" ಅನ್ನೋದನ್ನು ನಿಧಾನಕ್ಕೆ ಕೆಳಗೆ ಎಳೆಯಿತು. ಅವರು "ಚಿನ್ನಾ, ನೀ ಮಲ್ಕೋ" ಅಂದರು. ಅವರು ಇನ್ನೂ ಯಾರ್ಡ್‌ನಲ್ಲೇ ಇದ್ದರು, ಮೂಟೆ ಇಳಿದೇ ಇರಲಿಲ್ಲ!

ಅವತ್ತು ರಾತ್ರಿ ಹಾಳೆ ಮೇಲೆ ಲಘು ಗುರು ಹಾಕಿದೆ. ಗಿಡ್ಡ ಅಕ್ಷರ ಲಘು, ಅದು ಒಂದು ಮಾತ್ರೆ. ಉದ್ದ ಅಕ್ಷರ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅದು ಎರಡು ಮಾತ್ರೆ. "ಇನ್ನೂ ಎಷ್ಟು ದೂರ." "ಇನ್ನೂ" ಅಂದರೆ ನಾಲ್ಕು ಮಾತ್ರೆ, ಉಳಿದೆರಡು ಮೂರು ಮೂರು. ಕಾಲು ಎಡವುತ್ತದೆ. "ನೂ" ಅನ್ನೋದನ್ನು ಗಿಡ್ಡ ಮಾಡಿ "ಇನ್ನು" ಅಂದರೆ ಅದೂ ಮೂರು. ಮೂರರ ನಡೆ ಸಿಕ್ಕಿತು. ಸಾಲು ತುಂಬಲು ಇನ್ನೊಂದು ಮೂರು ಬೇಕು, "ಊರು" ಅಂತ ಸೇರಿಸಿದೆ. "ಇನ್ನು ಎಷ್ಟು ದೂರ ಊರು." ಎರಡನೇ ಸಾಲನ್ನು ಅಪ್ಪನೇ ಕೊಟ್ಟಿದ್ದರು. "ಚಿನ್ನ ನೀನು ಮಲಗು ಮಲಗು." ಅದೂ ಮೂರು ಮೂರು. ಸಾಲದ್ದಕ್ಕೆ ಎರಡೂ ಸಾಲಿನ ಎರಡನೇ ಅಕ್ಷರ ಒಂದೇ ಆಗಿ ಆದಿಪ್ರಾಸ ತಾನಾಗಿ ಕೂತಿತು. ಧಾಟಿಯಲ್ಲಿ ಮಗುವಿನ ಏರಿಳಿತವನ್ನು ಹಾಗೇ ಇಟ್ಟುಕೊಂಡೆ. "ಎಷ್ಟು" ಮೇಲೆ, "ದೂರ" ಕೆಳಗೆ. ನನ್ನಾಕೆ ಕೇಳಿದಳು. ಯಾವ ಪಿಕ್ಚರ್ ಅಂತ ಕೇಳಲಿಲ್ಲ. "ಆಮೇಲೆ?" ಅಂದಳು. ಅವಳಿಂದ ಅಷ್ಟು ಬಂದರೆ ದೊಡ್ಡ ಪ್ರಶಸ್ತಿ.

ಲಘು ಗುರು ಹಾಕಲು ಕಲಿಸಿದ್ದು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಪ್ರಸ್ತಾರ ಹಾಕು ಅಂತ ಬೋರ್ಡಿಗೆ ಕರೆದರೆ ಇಡೀ ಕ್ಲಾಸಿಗೆ ಚಳಿ ಜ್ವರ. ಪರೀಕ್ಷೆಯಲ್ಲಿ ಪೂರ್ತಿ ಮಾರ್ಕ್ಸ್ ಬರುವ ಪ್ರಶ್ನೆ ಅಂತ ಕಲಿತೆವೇ ಹೊರತು ಮುಂದೆ ಹೊಟ್ಟೆಪಾಡಿಗೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ಮೇಷ್ಟ್ರೇ, ನೀವು ಎಲ್ಲಿದ್ದರೂ ನಮಸ್ಕಾರ. ಹಾಡು ಬರೆಯಬೇಕು ಅಂತ ನನ್ನನ್ನು ಕೇಳುವ ಹುಡುಗರಿಗೆಲ್ಲ ನಾನು ಹೇಳೋದು ಒಂದೇ. ಸಾಫ್ಟ್‌ವೇರ್ ಆಮೇಲೆ ತಗೊಳ್ಳಿ, ಮೊದಲು ಹಳೇ ಕನ್ನಡ ವ್ಯಾಕರಣದ ಪುಸ್ತಕ ಹುಡುಕಿ.

"ಲಾಭ ಎರಡು ಮೂರು ನಾಲ್ಕು" ಹಾಡಿಗೆ ನೀವು ಚಪ್ಪಾಳೆ ತಟ್ಟಿದಿರಲ್ಲ, ಅದು ಮಂಡಿಯಲ್ಲಿ ಈರುಳ್ಳಿ ಆರಿಸುವ ಹೆಂಗಸರ ಎಣಿಕೆ. ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನೋದಿಲ್ಲ, ಲಾಭ ಅಂತಾರೆ. ಹಳ್ಳಿ ಕಡೆ ರಾಗಿ ಅಳೆಯುವಾಗ ನೀವೂ ಕೇಳಿರುತ್ತೀರಿ. ಬುಟ್ಟಿ ತುಂಬಿ ಸುರಿಯುವಾಗ ಅವರು ಹಾಗೇ ಎಣಿಸುತ್ತಿದ್ದರು. ಕೂತು ನೋಡಿದರೆ ಲಾಭದಿಂದ ಎಂಟರವರೆಗೆ ಎಲ್ಲವೂ ಮೂರು ಮೂರು ಮಾತ್ರೆ! ಹಾಡು ಆಗಲೇ ಆಗಿಹೋಗಿದೆ, ನಾನು ಮಾಡಬೇಕಾದ್ದೇ ಇಲ್ಲ. ಒಂಬತ್ತು ಬಂದಾಗ ಮಾತ್ರ ತಾಳ ಮುಗ್ಗರಿಸುತ್ತದೆ, ಅದು ಐದು ಮಾತ್ರೆ. ಹಾಗಾಗಿ ಎಂಟಕ್ಕೇ ನಿಲ್ಲಿಸಿ ಮತ್ತೆ ಲಾಭದಿಂದ ಶುರು ಮಾಡಿದೆ. ಆ ಅಕ್ಕಂದಿರಿಗೆ ಹಾಡು ಕೇಳಿಸಿದೆ. ಒಬ್ಬರು "ಇದ್ರಾಗೇನೈತಿ, ನಾವು ದಿನಾ ಅನ್ನೋದೇ ಅಲ್ಲೇನು?" ಅಂದರು. ಹೌದಕ್ಕ, ಅದೇ. ನಿಮಗೆಲ್ಲ ಥ್ಯಾಂಕ್ಸ್.

ಹೀಗೆ ಸಾಲಾಗಿ ಮೂರರ ನಡೆಯ ಹಾಡುಗಳೇ ಬಂದವು. ನೀರು, ಊರು, ನಾನು, ನೀನು, ದಾರಿ, ಮನೆಗೆ, ನಮ್ಮ ದಿನದ ಮಾತುಗಳೇ ಹಾಗಿವೆ. ನಮ್ಮ ರಿದಮ್ ಪ್ಯಾಡ್ ಗೆಳೆಯ ಒಂದು ದಿನ ಸ್ಟಿಕ್ ಕೆಳಗಿಟ್ಟ. "ಗುರು, ಎಲ್ಲಾ ದಾದ್ರಾನೇ ಆಯ್ತಲ್ಲ, ನಂಗೆ ನಿದ್ದೆ ಬರ್ತಿದೆ." ದಾದ್ರಾ ಅಂದರೆ ಮೂರು ಮೂರರ ತಾಳ. ಅವನು ಹಾಗೆ ಅಂದಿದ್ದಕ್ಕೇ "ಹೊತ್ತು ಮುಳುಗಿತು ದೀಪ ಹಚ್ಚಿರಿ" ಬಂದಿದ್ದು. ಮೂರು ನಾಲ್ಕು, ಮೂರು ನಾಲ್ಕು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡೆ ಅದು, ತಾಳದಲ್ಲಿ ಹೇಳೋದಾದರೆ ಮಿಶ್ರ ಛಾಪು. ಅದನ್ನು ಪ್ಯಾಡ್‌ನಲ್ಲಿ ನುಡಿಸುವಾಗ ಅವನ ಮುಖ ನೋಡಬೇಕಿತ್ತು ನೀವು. ಥ್ಯಾಂಕ್ಸ್ ಕಣಯ್ಯಾ. ಲಾಕ್‌ಡೌನ್ ಮುಗಿದ ಮೇಲೆ ತನ್ನ ತಮ್ಮನ ಕೀಬೋರ್ಡ್ ತಂದುಕೊಟ್ಟು, ವಾಪಸ್ ಕೇಳದೆ ಸುಮ್ನೆ ಇದ್ದವನೂ ಇವನೇ.

ನಮ್ಮ ಗಾಯಕಿಯ ಋಣ ಬೇರೆ ಥರದ್ದು. ಒಂದು ಸಾಲಿನ ಕೊನೆಗೆ "ಕೊಡು" ಅಂತ ಬರೆದು ಅದನ್ನು ಮೇಲಿನ ಷಡ್ಜದಲ್ಲಿ ಎಳೆದು ನಿಲ್ಲಿಸಿದ್ದೆ. ಅವರು ಒಂದು ಸಲ ಹಾಡಿ ನಕ್ಕುಬಿಟ್ಟರು. "ಸರ್, ನೀವು ಕೇಳ್ತಿರೋದು ಪ್ರೀತಿನಾ, ಎತ್ತಿನ ಕೋಡಾ?" ಎಳೆಯಬೇಕಾದ ಜಾಗದಲ್ಲಿ ದೀರ್ಘ ಅಕ್ಷರವೇ ಇರಬೇಕು ಅಂತ ಅವರು ಹಠ ಹಿಡಿದು ನನ್ನ ಕೈಯಲ್ಲಿ ಎಷ್ಟೋ ಸಾಲು ತಿದ್ದಿಸಿದರು. "ಕೊಡು" ಹೋಗಿ "ನೀಡು ಬಾ" ಬಂತು. ಭಾನುವಾರ ಮಾತು ಮಾತೂ ಸ್ಪಷ್ಟವಾಗಿ ಕೇಳಿಸಿತು ಅಂತ ನೀವೆಲ್ಲ ಹೊಗಳಿದಿರಿ. ಅದು ಅವರಿಗೆ ಸೇರಬೇಕು, ಸೌಂಡ್ ನೋಡಿಕೊಂಡ ಹುಡುಗನಿಗೂ ಸ್ವಲ್ಪ.

ಮಾತಿನಲ್ಲೇ ಧಾಟಿ ಇರುತ್ತೆ ಅಂತ ನಾನು ಹೇಳ್ತಿರೋದು ಕೇಳಿ, ಹಾಗಾದರೆ ಒಂದು ಮಾತಿಗೆ ಒಂದೇ ಧಾಟಿಯಾ ಅಂತ ಯಾರಾದರೂ ಕೇಳಬಹುದು. ಅಲ್ಲ. ನಾಡಗೀತೆಯನ್ನೇ ನೋಡಿ. ಕುವೆಂಪು ಬರೆದದ್ದು ಒಂದೇ ಕವಿತೆ, ಮೈಸೂರು ಅನಂತಸ್ವಾಮಿ ಅವರ ಧಾಟಿ ಒಂದು, ಸಿ. ಅಶ್ವಥ್ ಅವರದು ಇನ್ನೊಂದು. ಅದು 2004ರಲ್ಲಿ ನಾಡಗೀತೆಯಾದ ಮೇಲೂ ಎಷ್ಟೋ ವರ್ಷ ಸ್ಟೇಜ್ ಹತ್ತುವ ಮುಂಚೆ "ಯಾವ ಧಾಟಿ?" ಅಂತ ಕೇಳಿಕೊಳ್ಳಬೇಕಿತ್ತು. 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಒಪ್ಪಿ, ಎರಡೂವರೆ ನಿಮಿಷದಲ್ಲಿ ಮುಗಿಸಬೇಕು ಅಂತ ಆದೇಶ ಮಾಡಿತು. ನಮಗೆ ಕೆಲಸ ಸುಲಭವಾಯಿತು. ಆದರೆ ಎರಡನ್ನೂ ನುಡಿಸಿದವನಾಗಿ ಹೇಳ್ತೀನಿ, ಎರಡರಲ್ಲೂ ಆ ಮಾತುಗಳು ಆರಾಮಾಗಿ ಉಸಿರಾಡುತ್ತವೆ. ಒಂದೇ ಮಾತನ್ನು ಇಬ್ಬರು ಕೇಳಿಸಿಕೊಂಡರೆ ಎರಡು ಹಾಡು. ನನಗೆ ಕೇಳಿಸಿದ್ದನ್ನು ನಾನು ಮಾಡಿದೆ, ಅಷ್ಟೇ.

ಭಾನುವಾರ ಅರ್ಧ ಕಾರ್ಯಕ್ರಮ ಆದಾಗ ಹಿಂದಿನ ಸಾಲಿನಿಂದ ಒಂದು ಚೀಟಿ ಬಂತು. ಅಭ್ಯಾಸಬಲ, ಯಾವುದೋ ಸಿನಿಮಾ ಹಾಡು ಕೇಳಿರುತ್ತಾರೆ ಅಂದುಕೊಂಡು ಬಿಡಿಸಿದೆ. "ಲಾರಿ ಹಾಡು ಇನ್ನೊಂದ್ ಸಲ" ಅಂತ ಇತ್ತು. ಇಷ್ಟು ವರ್ಷ ಬೇರೆಯವರ ಹಾಡಿಗೆ ಬಂದ ಚೀಟಿ ಓದಿದವನು ನಾನು. ಕೈ ನಡುಗಿ ಇಂಟ್ರೋದಲ್ಲಿ ಒಂದು ಸ್ವರ ಪಕ್ಕಕ್ಕೆ ಹೋಯಿತು, ಗಮನಿಸಿದವರು ಹೊಟ್ಟೆಗೆ ಹಾಕಿಕೊಳ್ಳಿ. ಚೀಟಿ ಬರೆದವರು ಯಾರು ಅಂತ ಗೊತ್ತಾಗಲಿಲ್ಲ. ಯಾರೇ ಆಗಿರಿ, ನಿಮ್ಮ ಅಕ್ಷರ ಈಗ ನನ್ನ ಕೀಬೋರ್ಡ್ ಬ್ಯಾಗಿನ ಒಳಜೇಬಿನಲ್ಲಿದೆ.

ರಾತ್ರಿ ಲೋಡ್ ಇಳಿಸಬೇಕು ಅಂತ ಗೊತ್ತಿದ್ದೂ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದ ನಮ್ಮ ಯಾರ್ಡ್‌ನ ಹಮಾಲಿ ಅಣ್ಣಂದಿರಿಗೆ, ಬಾಗಿಲಲ್ಲಿ ನಿಂತು ಕಾಫಿ ಹಂಚಿದ ನಮ್ಮ ಬೀದಿಯ ಹುಡುಗರಿಗೆ, ಟಿಕೆಟ್ ಇಲ್ಲ ಅಂದರೂ ಡಬ್ಬಿಗೆ ದುಡ್ಡು ಹಾಕಿ ಹೋದವರಿಗೆ ಥ್ಯಾಂಕ್ಸ್. ಆ ದುಡ್ಡಲ್ಲಿ ಹಾಲ್ ಬಾಡಿಗೆ ಕಳೆದು ರೆಕಾರ್ಡಿಂಗ್‌ಗೂ ಸ್ವಲ್ಪ ಉಳಿದಿದೆ. ಚಳ್ಳಕೆರೆಯ ಆ ಡ್ರೈವರ್ ಆಮೇಲೆ ನಮ್ಮ ಮಂಡಿಗೆ ಬರಲಿಲ್ಲ, ಬೇರೆ ಲೈನ್‌ಗೆ ಹೋಗಿದ್ದಾರಂತೆ. ಆ ಕಡೆಯ ಲಾರಿಯವರು ಯಾರಾದರೂ ಇದನ್ನು ಓದಿದರೆ ಅವರಿಗೆ ತಲುಪಿಸಿ. ಮಗು ಈಗ ದೊಡ್ಡದಾಗಿರುತ್ತೆ.

ನವೆಂಬರ್ ಹತ್ತಿರ ಬಂತು, ಮತ್ತೆ ಆರ್ಕೆಸ್ಟ್ರಾ ಶುರು. ಈ ಸಲ ಪ್ರತಿ ಸ್ಟೇಜ್‌ನಲ್ಲೂ ನಮ್ಮದೊಂದು ಹಾಡು ಸೇರಿಸಲು ತಂಡದ ಮಾಲೀಕರು ಒಪ್ಪಿದ್ದಾರೆ. ಕೊಟ್ಟಿರೋದು ಒಂಬತ್ತೂಮುಕ್ಕಾಲರ ಸ್ಲಾಟ್, ಅರ್ಧ ಜನ ಚಪ್ಪಲಿ ಹುಡುಕೋ ಹೊತ್ತು. ಪರವಾಗಿಲ್ಲ, ಹತ್ತರೊಳಗೆ ಮುಗಿಸುತ್ತೇವೆ. ಆ ಕಡೆ ಬಂದರೆ ಸ್ವಲ್ಪ ಕೂತಿರಿ.